ಮಲಗಿಸಿದ ಹೊಸ್ತಿಲು

ಚನ್ನಪಟ್ಟಣ
ಭಾನುವಾರ, ಮಧ್ಯಾಹ್ನ

ಇನ್ನೂ ಹೆಸರಿಡದ ಮಗುವೇ,

ನೀನು ಅತ್ತರೆ ನಿನ್ನ ಅಮ್ಮನಿಗೆ ಕೇಳಿಸುವುದಿಲ್ಲ. ನಿನ್ನ ಅಪ್ಪನಿಗೂ ಕೇಳಿಸುವುದಿಲ್ಲ. ಬೇರೆ ಯಾವ ಮಾತಿನಿಂದ ಶುರು ಮಾಡಬಹುದು ಎಂದು ಊಟವಾದಾಗಿನಿಂದ ಯೋಚಿಸಿದೆ, ಹೊಳೆಯಲಿಲ್ಲ. ಕೆಟ್ಟ ಸುದ್ದಿಯನ್ನು ಕೊನೆಗೆ ಹೇಳುವವರನ್ನು ನಾನು ನಂಬುವುದಿಲ್ಲ. ಇದು ಕೆಟ್ಟ ಸುದ್ದಿಯೇ ಹೌದೋ ಎಂಬುದೂ ನನಗೆ ಖಚಿತವಿಲ್ಲ.

ನಾನು ನಿನ್ನ ತಾಯಿಯ ತಂದೆ. ಹೆಸರು ಯೋಗಾನಂದ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೌಕರಿ. ರೈತರು ತಂದು ಸುರಿಯುವ ಗೂಡುಗಳನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುವುದು ನನ್ನ ದಿನದ ಕೆಲಸದಲ್ಲೊಂದು. ಒಳಗಿನ ಹುಳು ನೆಟ್ಟಗಿದ್ದರೆ ಮೆತ್ತಗೆ ಒಂದು ಸದ್ದು ಬರುತ್ತದೆ. ಸತ್ತು ಗೂಡಿನ ಗೋಡೆಗೆ ಅಂಟಿಕೊಂಡಿದ್ದರೆ ಏನೂ ಬರುವುದಿಲ್ಲ. ಇಡೀ ದಿನ ಒಳಗಿರುವವರ ಸದ್ದು ಕೇಳಿ, ಸಂಜೆ ರೈಲು ಹತ್ತಿ ಬಂದು, ಕಿವಿ ಕೇಳದ ಮಗಳ ಎದುರು ಕೂತು ಊಟ ಮಾಡಿದವನು ನಾನು. ಇದಕ್ಕೇನಾದರೂ ಅರ್ಥವಿದೆಯೇ ಎಂದು ಕೇಳಬೇಡ. ಅರ್ಥ ಹುಡುಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಚಿಂತೆ ಮಾಡುವುದನ್ನು ಮಾತ್ರ ಬಿಡಲು ಆಗಿಲ್ಲ.

ನಿನಗೆ ಹೇಳಬೇಕಾದದ್ದು ಈ ಮನೆಯ ನೆಲದ ಬಗ್ಗೆ.

ಈ ಮನೆಯನ್ನು ನಾವು ಒಬ್ಬ ಆಟಿಕೆ ವ್ಯಾಪಾರಿಯಿಂದ ಕೊಂಡೆವು. ನಿನ್ನ ಅಮ್ಮ ಸುಚಿತ್ರಾ ಆಗಿನ್ನೂ ತಪ್ಪುಹೆಜ್ಜೆ ಇಡುವ ಮಗು. ವ್ಯಾಪಾರಿ ನಡುಮನೆಯನ್ನೇ ಅಂಗಡಿ ಮಾಡಿಕೊಂಡಿದ್ದ. ಹೊರದೇಶದ ಗಿರಾಕಿಗಳು ಬಂದರೆ ಕಾಲಿಟ್ಟ ಕೂಡಲೆ ಮರದ ಊರಿಗೆ ಬಂದೆವು ಅನ್ನಿಸಬೇಕು ಅಂತ ಅಲ್ಲಿಗೆ ಹೊನ್ನೆ ಮರದ ಹಲಗೆಯ ನೆಲ ಹಾಕಿಸಿದ್ದ. ಅಡಿಯಲ್ಲಿ ಸಾಲಾಗಿ ತೊಲೆಗಳು, ತೊಲೆಗಳ ನಡುವೆ ಖಾಲಿ ಜಾಗ, ಮೇಲೆ ಹಲಗೆ. ಉಳಿದ ಕೋಣೆಗಳಿಗೆಲ್ಲ ಸಾದಾ ಸಿಮೆಂಟು. ನಡುಮನೆಯಲ್ಲಿ ಯಾರಾದರೂ ನಡೆದರೆ ಮನೆಗೊಂದು ಹೊಟ್ಟೆ ಇದೆ ಅನ್ನಿಸುತ್ತಿತ್ತು. ನನಗೆ ಆ ಸದ್ದು ಸೇರುತ್ತಿರಲಿಲ್ಲ. ಕಿತ್ತು ಹಾಕಿಸಬೇಕು ಅಂದುಕೊಂಡಿದ್ದೆ.

ಮಗುವಿಗೆ ಕಿವಿ ಕೇಳುತ್ತಿಲ್ಲ ಎಂಬ ಅನುಮಾನ ಆ ಹೊತ್ತಿಗೆ ನಮ್ಮೆಲ್ಲರೊಳಗೂ ಇತ್ತು. ಯಾರೂ ಬಾಯಿ ಬಿಟ್ಟಿರಲಿಲ್ಲ. ಒಂದು ದಿನ ನನ್ನ ಅಮ್ಮ, ಅಂದರೆ ನಿನ್ನ ಮುತ್ತಜ್ಜಿ ಮುನಿರತ್ನಮ್ಮ, ನಡುಮನೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಾಗ ಒಂದು ಕಾಯಿ ಕೈಜಾರಿ ಹಲಗೆಯ ಮೇಲೆ ಬಿತ್ತು. ಅತ್ತ ಬೆನ್ನು ಮಾಡಿ ಬಾಗಿಲ ಬಳಿ ಆಡುತ್ತಿದ್ದ ಮಗು ಥಟ್ಟನೆ ತಿರುಗಿ ನೋಡಿತು. "ಮಗೀಗೆ ಕೇಳ್ತದೆ ಕಣ್ಲಾ! ತಿರುಗ್ತು ಕಣ್ಲಾ!" ಎಂದು ಅಮ್ಮ ಕೂಗಿದ ಕೂಗಿಗೆ ಅಕ್ಕಪಕ್ಕದವರು ಬಂದರು. ಇನ್ನೊಂದು ಸಲ ಕಾಯಿ ಎತ್ತಿಹಾಕಿದರು. ಮಗು ಮತ್ತೆ ತಿರುಗಿತು. ನನ್ನ ಹೆಂಡತಿ ಮಮತಾ ಸಕ್ಕರೆ ಹಂಚಿದಳು.

ಬೆಂಗಳೂರಿನ ಡಾಕ್ಟರು ಸಿಮೆಂಟು ನೆಲದ ಮೇಲೆ ಮಗುವನ್ನು ನಿಲ್ಲಿಸಿ ಹಿಂದಿನಿಂದ ಚಪ್ಪಾಳೆ ತಟ್ಟಿದರು, ಗಂಟೆ ಬಾರಿಸಿದರು, ತಟ್ಟೆ ಬಡಿದರು. ಅದು ತನ್ನ ಲಂಗದ ದಾರವನ್ನು ನೋಡಿಕೊಂಡು ನಿಂತಿತ್ತು. ತೆಂಗಿನಕಾಯಿಯ ಕತೆ ಕೇಳಿ ಡಾಕ್ಟರು ಹೇಳಿದ್ದು ಇಷ್ಟೆ: ಅದು ಕೇಳಿದ್ದು ಕಿವಿಯಲ್ಲಲ್ಲ, ಪಾದದಲ್ಲಿ. ವಾಪಸು ಬರುವಾಗ ರೈಲಿನಲ್ಲಿ ಮಮತಾ ಬಿಡದಿಯವರೆಗೂ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ, "ಪಾದದಲ್ಲಾದ್ರೂ ಕೇಳ್ತದಲ್ಲ, ಸಾಕು ಬುಡಿ" ಅಂದಳು. ನೆಲ ಕೀಳಿಸುವ ಮಾತನ್ನು ಮತ್ತೆ ನಾನು ಎತ್ತಲಿಲ್ಲ.

ನಿನ್ನ ಅಮ್ಮ ಆ ಹಲಗೆಗಳ ಮೇಲೆ ಬೆಳೆದಳು. ಮುತ್ತಜ್ಜಿ ಕರೆದರೆ ಊರುಗೋಲಿನ ಎರಡು ಕುಟ್ಟು. ನಾನಾದರೆ ಬಾಗಿ ಬೆರಳಗೆಣ್ಣಿನಿಂದ ತಟ್ಟುವುದು. ಮಮತಾಳದು ಹಿಮ್ಮಡಿ, ಒಂದು ಸಲ ಊರಿ, ತಡೆದು, ಇನ್ನೊಂದು ಸಲ. ಯಾರು ಕರೆದರು ಎಂದು ತಿರುಗಿ ನೋಡುವ ಮೊದಲೇ ಸುಚಿತ್ರಾಳಿಗೆ ಗೊತ್ತಿರುತ್ತಿತ್ತು. ಆದರೆ ನಡುಮನೆ ದಾಟಿದರೆ ಮುಗಿಯಿತು. ಊಟದ ಮನೆಯಲ್ಲಿ, ಒಳಕೋಣೆಯಲ್ಲಿ ಅವಳನ್ನು ಕರೆಯುವ ದಾರಿ ಇರಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಬೇಕು. ಹಿಂದಿನಿಂದ ಮುಟ್ಟಿದರೆ ಅವಳು ಬೆಚ್ಚಿ ಬೀಳುತ್ತಿದ್ದಳು. ಪಾಠ, ಊಟ, ನಿದ್ದೆ ಎಲ್ಲ ನಡುಮನೆಯಲ್ಲೇ ಆಗತೊಡಗಿದ್ದು ಯಾರೂ ತೀರ್ಮಾನ ಮಾಡಿ ಅಲ್ಲ. ಮನೆಯ ಆ ಭಾಗದಲ್ಲಿ ಮಾತ್ರ ಅವಳಿಗೆ ನಾವು ಇದ್ದೆವು.

ಮಮತಾ ತೀರಿಕೊಂಡು ಕೆಲವು ವರ್ಷಗಳಾದವು. ಅವಳ ಹಿಮ್ಮಡಿಯ ತಟ್ಟನ್ನು ಬೇರೆ ಯಾರೂ ಬಳಸುವುದಿಲ್ಲ.

ನಿನ್ನ ಅಪ್ಪ ಲೋಕೇಶ ಸುಚಿತ್ರಾಳ ಜೊತೆ ಕಿವುಡು ಮಕ್ಕಳ ಶಾಲೆಯಲ್ಲಿ ಓದಿದವನು. ಸೋಲೂರಿನ ಕಡೆಯ ತೆಂಗಿನ ತೋಟದ ಮನೆ. ಈಗ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕೆಲಸ, ಮದುವೆಯಾದ ಮೇಲೆ ಇಬ್ಬರೂ ಅಲ್ಲೇ ಮನೆ ಮಾಡಿದ್ದಾರೆ. ಯಂತ್ರಗಳ ಗದ್ದಲಕ್ಕೆ ಉಳಿದವರು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರಂತೆ, ಅವನು ಹಾಯಾಗಿ ಓಡಾಡಿಕೊಂಡಿರುತ್ತಾನಂತೆ. ಇದನ್ನು ಅವನೇ ಕೈಸನ್ನೆಯಲ್ಲಿ ಹೇಳಿ ನಗುತ್ತಾನೆ. ಒಳ್ಳೆಯ ಹುಡುಗ. ನಿನ್ನ ಬಗ್ಗೆ ಗೊತ್ತಾದ ದಿನ ಅವನು ನನ್ನ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟ. ಕೈಯಲ್ಲೇ ಮಾತಾಡುವವರಿಗೆ ಅದು ನಾವು ಬಾಯಿ ಮುಚ್ಚಿಕೊಂಡಷ್ಟು ಮೌನ.

ಸೀಮಂತ ಸೋಲೂರಿನಲ್ಲಿ ನಡೆಯಿತು. ಊಟ ಮುಗಿದು ಎಲೆ ಅಡಿಕೆ ಕೊಡುವಾಗ ಲೋಕೇಶನ ತಾಯಿ ಚಿಕ್ಕಲಕ್ಷ್ಮಮ್ಮ ನನ್ನನ್ನು ತೆಂಗಿನ ಮರದ ನೆರಳಿಗೆ ಕರೆದರು. "ಬೀಗ್ರೇ, ಒಂದ್ ಮಾತು. ಹೆರಿಗೆ ನಿಮ್ಮನೇಲೇ ಆಗ್ಲಿ, ಅದು ಮೊದ್ಲಿಂದ ಬಂದದ್ದು. ಬಾಣಂತನ ಮುಗುದ್ಮ್ಯಾಲೆ ಮಗೀನ ನಮ್ಮೂರಿಗೆ ಕಳ್ಸುಬುಡಿ. ಮಾತು ಬರೋಗಂಟ ನಮ್ ತಾವೇ ಇರ್ಲಿ. ಸುಚಿತ್ರ ಬಂದು ಹೋಗಿ ಮಾಡ್ಲಿ, ಯಾರ್ ಬ್ಯಾಡ ಅಂದ್ರು?"

ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ. "ನಿಮ್ಮನೇಲಿ ಹೆಣ್ಣು ದಿಕ್ಕು ಅಂದ್ರೆ ನಿಮ್ಮವ್ವ ಒಬ್ರು. ಅವ್ರಿಗೂ ಕಿವಿ ಮಂದ. ನೀವು ಮಾರ್ಕೆಟ್ಟಿಗೆ ಹೋಗೋರು. ಮಗ ಉಸುರು ಕಟ್ಟಿ ಅತ್ರೆ ಯಾರಿಗ್ ಕೇಳ್ತದೆ? ಕೂಗಿದ್ರೆ ತಿರುಗದ ಮಗೀನ ಸಾಕಿದ್ದೀನಿ ನಾನು. ಹಾಲು ಕರೆಯೋವಾಗ ಸೊಂಟಕ್ಕೆ ಹಗ್ಗ ಹಾಕಿ ಕಂಬಕ್ಕೆ ಕಟ್ತಿದ್ದೆ, ಬಾವಿ ತಾವ ಹೋಗ್ಬುಟ್ಟಾನು ಅಂತ. ಈಗ ಕೂಗಿದ್ರೆ ತಿರುಗದ ತಾಯಿ ತಾವ ಮಗೀನ ಹೆಂಗೆ ಬುಡ್ಲಿ, ನೀವೇ ಹೇಳಿ."

ಅವರ ಮಾತು ತಪ್ಪಾಗಿದ್ದರೆ ಸಿಟ್ಟು ಮಾಡಬಹುದಿತ್ತು. ಆ ಮುಖದಲ್ಲಿದ್ದದ್ದು ನನ್ನದೇ ಭಯ, ನನಗಿಂತ ಹಳೆಯದು.

ಅಷ್ಟು ದೂರದಲ್ಲಿ, ಹಸಿರು ಬಳೆ ತೊಟ್ಟು ಹಸೆಯ ಮೇಲೆ ಕೂತಿದ್ದ ಸುಚಿತ್ರಾ ನಮ್ಮ ತುಟಿಗಳನ್ನೇ ನೋಡುತ್ತಿದ್ದಳು. ಅವಳಿಗೆ ತುಟಿ ಓದಲು ಬರುತ್ತದೆ ಎಂಬುದನ್ನು ಜನ ಯಾವಾಗಲೂ ಮರೆಯುತ್ತಾರೆ. ನಾವು ಬಸ್ಸು ಹತ್ತಿ ಮಾಗಡಿ ದಾಟುವ ಮೊದಲೇ ನನ್ನ ಫೋನಿಗೆ ಅವಳ ಸಂದೇಶ ಬಂತು. "ಅಪ್ಪ, ನಡುಮನೆಯ ನೆಲವನ್ನು ಊಟದ ಮನೆಗೂ ಒಳಕೋಣೆಗೂ ಮುಂದುವರಿಸಲು ಆಗುತ್ತದಾ? ಆದರೆ ನಾವು ಮೂರೂ ಜನ ಅಲ್ಲೇ ಇರುತ್ತೇವೆ."

ಮೂರೂ ಜನ. ನೀನು ಆ ಲೆಕ್ಕದಲ್ಲಿ ಸೇರಿದ್ದನ್ನು ನಾನು ಮೊದಲು ಓದಿದ್ದು ಅಲ್ಲಿ.

ಬಡಗಿ ಅಕ್ರಮ್ ಬಂದು ನೋಡಿದ. ಅವನ ಅಪ್ಪನೇ ಹಿಂದೆ ಆ ವ್ಯಾಪಾರಿಗೆ ನೆಲ ಹಾಕಿದ್ದಂತೆ, ಹಾಗಂತ ಅಕ್ರಮ್ ಹೇಳುತ್ತಾನೆ. ಊರಿನ ಎಲ್ಲ ಒಳ್ಳೆಯ ಮರದ ಕೆಲಸವನ್ನೂ ಅವನ ಅಪ್ಪನೇ ಮಾಡಿದ್ದು. ನಡುಮನೆಯ ನೆಲ ಉಳಿದ ಕೋಣೆಗಳಿಗಿಂತ ನಾಲ್ಕು ಬೆರಳು ಎತ್ತರವಿದೆ, ಆದ್ದರಿಂದ ಎರಡೂ ಕೋಣೆಯಲ್ಲಿ ತೊಲೆ ಕೂರಿಸಿ ಅಷ್ಟೇ ಎತ್ತರಕ್ಕೆ ತರಬೇಕು, ಬಾಗಿಲುಗಳ ಅಡಿಯನ್ನು ಅಷ್ಟು ಕೊಯ್ಯಬೇಕು ಅಂದ. ಹಳೆಯ ಹಲಗೆ ಯಾವ ದಿಕ್ಕಿಗೆ ಓಡಿದೆಯೋ ಹೊಸದೂ ಅದೇ ದಿಕ್ಕಿಗೆ ಓಡಬೇಕು. ಎಲ್ಲ ಹಲಗೆಗಳ ತುದಿಯೂ ಒಂದೇ ಗೆರೆಯಲ್ಲಿ ನಿಂತರೆ ಅದು ಬರೀ ಜೋಡಿಸಿದ ನೆಲ. ಅಂಚಿನ ಕೆಲವು ಹಳೆಯ ತುಂಡುಗಳನ್ನು ಎಬ್ಬಿಸಿ, ಅಲ್ಲಿ ಹೊಸದನ್ನು ಉದ್ದ ಗಿಡ್ಡವಾಗಿ ಎರಡು ಕೈಯ ಬೆರಳು ಹೆಣೆದ ಹಾಗೆ ಒಳಕ್ಕೆ ತೂರಿಸಿದರೆ ಮಾತ್ರ ಅದು ಒಂದೇ ನೆಲ.

ಹೊನ್ನೆ ಹಲಗೆಗಳು ಬಂದವು. ಹಳೆಯದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಹೊಸದು ಬಿಸ್ಕತ್ತಿನ ಹಾಗೆ ಪೇಲವ. ನಾನು ಚಿಂತಿಸಿದೆ. "ಬಿಸ್ಲು ಬಿದ್ದು ಕಾಲು ಓಡಾಡಿ ಬಣ್ಣ ಬತ್ತದೆ ಸಾರ್, ಹುಟ್ಟಿದ ತಕ್ಷಣ ಯಾರ್ ಸಾರ್ ಅಪ್ಪನ್ ಹಂಗೆ ಇರ್ತಾರೆ" ಅಂದ ಅಕ್ರಮ್. ಹಲಗೆಗಳನ್ನು ಒಳಕೋಣೆಯಲ್ಲಿ ಅಡ್ಡಪಟ್ಟಿ ಕೊಟ್ಟು ಪೇರಿಸಿ, ಮನೆಯ ಗಾಳಿ ಒಗ್ಗಲಿ ಎಂದು ಸುಮ್ಮನೆ ಬಿಟ್ಟು ಹೋದ. ಒಗ್ಗದೆ ಹಾಕಿದರೆ ಆಮೇಲೆ ಉಬ್ಬುತ್ತದೆ, ಇಲ್ಲವೇ ಬಾಯಿ ಬಿಡುತ್ತದೆ. ನನಗೆ ಕಾಯುವುದು ಬರುವುದಿಲ್ಲ. ಮಾರುಕಟ್ಟೆಯಿಂದ ಬಂದು ಆ ಪೇರಿಯ ಮುಂದೆ ನಿಂತು ಹಲಗೆಯ ಮೇಲೆ ಕೈ ಇಡುತ್ತಿದ್ದೆ. ನಿನಗೆ ಏಳು ತಿಂಗಳು ತುಂಬಿ ಎಂಟಕ್ಕೆ ಬಿದ್ದಿತ್ತು. ಎರಡರಲ್ಲಿ ಯಾವುದು ಮೊದಲು ತಯಾರಾಗುತ್ತದೆ ಎಂಬುದು ಯಾರ ಕೈಯಲ್ಲೂ ಇರಲಿಲ್ಲ.

ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಊಟದ ಮನೆಗೆ ಬರೀ ಕಮಾನು. ಒಳಕೋಣೆಗೆ ಬಾಗಿಲಿದೆ, ಬಾಗಿಲಿಗೆ ಹೊಸ್ತಿಲಿದೆ. ನಡುಮನೆಯ ಹಲಗೆಗಿಂತ ಎರಡು ಬೆರಳು ಮೇಲೆದ್ದ ಗಟ್ಟಿ ಹಲಸಿನ ತೊಲೆ, ಕೆಳಗೆ ಗಾರೆಯೊಳಕ್ಕೆ ಇಳಿದಿದೆ. ದೇವರ ಪಟಗಳಿರುವುದೂ ಆ ಕೋಣೆಯಲ್ಲೇ. ಆದ್ದರಿಂದ ಮುತ್ತಜ್ಜಿ ಶುಕ್ರವಾರ ಶುಕ್ರವಾರ ಅದಕ್ಕೆ ಅರಿಶಿನ ಬಳಿದು ಕುಂಕುಮ ಇಟ್ಟು ಬಂದಿದ್ದಾರೆ. ಅದನ್ನು ಎಬ್ಬಿಸಬೇಕಾದೀತು ಅಂದ ಕೂಡಲೆ ಅವರು ಊರುಗೋಲು ಹಿಡಿದು ಎದ್ದು ಬಂದರು.

"ಬಸುರಿ ಹೆಂಗ್ಸಿನ ಮನೇಲಿ ಹೊಸ್ಲು ಕೀಳ್ತಾರೇನ್ಲಾ? ಓದಿದ್ದು ಜಾಸ್ತಿ ಆಯ್ತು ನಿಂಗೆ."

ಸುಚಿತ್ರಾ ಇನ್ನೂ ಬಿಡದಿಯಲ್ಲೇ ಇದ್ದಾಳೆ ಅಂದೆ. "ಎಲ್ಲಿದ್ರೇನ್ಲಾ? ಈ ಮನೆ ಮಗಳಲ್ವಾ ಅವ್ಳು?" ಎಂದು ಅಕ್ರಮನ ಕಡೆ ತಿರುಗಿದರು. "ನಿಮ್ಮವ್ವ ನಿನ್ನ ಹೊತ್ತಿದ್ದಾಗ ನಿಮ್ಮಪ್ಪ ಬಾಗ್ಲು ಕಿತ್ತಿದ್ನೇನಪ್ಪಾ?"

"ನಮ್ಮಪ್ಪ ಬಡಗಿ ಕಣಮ್ಮ. ಊರೋರದ್ದೆಲ್ಲಾ ಕೀಳ್ತಿದ್ದ, ನಮ್ದೊಂದು ಬುಟ್ಟು" ಅಂದ ಅಕ್ರಮ್. ಮುತ್ತಜ್ಜಿಗೆ ನಗು ಬಂತು, ಆದರೆ ಜಗ್ಗಲಿಲ್ಲ. ಆಗ ಅವನೇ ಒಂದು ದಾರಿ ಹೇಳಿದ. ಹೊಸ್ತಿಲು ಇದ್ದ ಹಾಗೇ ಇರಲಿ. ಆಚೆ ಒಂದು ನೆಲ, ಈಚೆ ಒಂದು ನೆಲ. "ಎರಡ್ ಕಡೆಯಿಂದ್ಲೂ ಬಿಗಿಯಾಗಿ ಒತ್ತಿ ಕೂರುಸ್ತೀನಿ ಸಾರ್. ಮರಕ್ಕೆ ಮರ ತಾಗಿದ್ರೆ ಸದ್ದು ದಾಟ್ತದೆ. ದಾಟ್ದೆ ಎಲ್ಲಿಗ್ ಹೋಗ್ತದೆ?"

ನಾನು ಒಪ್ಪಿದೆ. ಶಾಸ್ತ್ರ ನಂಬುವವನಲ್ಲ ನಾನು. ಆದರೆ ನಂಬದೆ ಇರುವುದಕ್ಕೂ ಒಂದು ಧೈರ್ಯ ಬೇಕು, ಅದನ್ನು ನಿನ್ನ ಮೇಲೆ ಪರೀಕ್ಷೆ ಮಾಡಲು ಮನಸ್ಸಾಗಲಿಲ್ಲ.

ಕೆಲಸ ಮುಗಿದ ಮೇಲೆ ಲೋಕೇಶ ಸುಚಿತ್ರಾಳನ್ನು ಕರೆತಂದು ಬಿಟ್ಟು ಹೋದ. ಅವಳು ಚಪ್ಪಲಿ ಕಳಚಿ ಬರಿಗಾಲಲ್ಲಿ ಮೊದಲು ಊಟದ ಮನೆಗೆ ಹೋಗಿ ಬೆನ್ನು ಮಾಡಿ ನಿಂತಳು. ನಾನು ನಡುಮನೆಯಲ್ಲಿ ಬಾಗಿ ಬೆರಳಗೆಣ್ಣಿನಿಂದ ತಟ್ಟಿದೆ. ಸರಕ್ಕನೆ ತಿರುಗಿದಳು. ನಕ್ಕಳು. ಅಕ್ರಮ್ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಆಮೇಲೆ ಅವಳು ಹೊಸ್ತಿಲು ದಾಟಿ ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ತಟ್ಟಿದೆ. ಮತ್ತೆ ತಟ್ಟಿದೆ. ಮುಷ್ಟಿ ಕಟ್ಟಿ ಗುದ್ದಿದೆ. ಮುತ್ತಜ್ಜಿ ಊರುಗೋಲಿನಿಂದ ಕುಟ್ಟಿದರು. ನಾನು ಎದ್ದು ನಿಂತು, ಈ ವಯಸ್ಸಿನಲ್ಲಿ, ಎರಡೂ ಕಾಲೆತ್ತಿ ಕುಣಿದೆ. ಗೋಡೆಯ ಗೂಡಿನಲ್ಲಿದ್ದ ದೀಪದ ಕಂಬ ಅಲುಗಿತು. ಅವಳ ಬೆನ್ನು ಅಲುಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ತಿರುಗಿ, ಕೈಯಲ್ಲಿ ಕೇಳಿದಳು: ಯಾವಾಗ ಶುರು ಮಾಡ್ತೀರಿ?

ಮಗುವೇ, ಆ ಪ್ರಶ್ನೆಯನ್ನು ನಾನು ಇನ್ನೂ ದಾಟಿಲ್ಲ. ನನ್ನ ಏದುಸಿರು ನೋಡಿ ಅವಳಿಗೆ ತಿಳಿಯಿತು. ಮಂಚದ ಮೇಲೆ ಕೂತು, ನಿನ್ನ ಮೇಲೆ ಕೈ ಇಟ್ಟುಕೊಂಡು, ಪಾದದಿಂದ ಹೊಸ ಹಲಗೆಯನ್ನು ಮೆಲ್ಲಗೆ ಸವರುತ್ತ ಇದ್ದಳು. ಅಕ್ರಮ್ ಹೊಸ್ತಿಲ ಬುಡಕ್ಕೆ ಕಣ್ಣಿಟ್ಟು ಬಗ್ಗಿ ನೋಡಿದ. ಗಾರೆಯೇ ಎಲ್ಲವನ್ನೂ ಕುಡಿದುಬಿಡುತ್ತಿದೆ ಅಂದ. ಮುಂದಿನ ವಾರ ಚಿಕ್ಕಲಕ್ಷ್ಮಮ್ಮ ಬರುವವರಿದ್ದರು. ತೊಟ್ಟಿಲು ಎಲ್ಲಿ ಕಟ್ಟುವುದು ಎಂದು ಮಾತಾಡಿ ಮುಗಿಸಲು.

ಮಾರನೆಯ ದಿನ ಶುಕ್ರವಾರವಲ್ಲ. ಆದರೂ ಬೆಳಿಗ್ಗೆ ಎದ್ದು ನೋಡಿದರೆ ಮುತ್ತಜ್ಜಿ ಸ್ನಾನ ಮಾಡಿ, ಹೊಸ್ತಿಲ ಮುಂದೆ ಕಾಲು ಚಾಚಿ ಕೂತು, ಅದಕ್ಕೆ ಅರಿಶಿನ ತಿಕ್ಕುತ್ತಿದ್ದರು. ಮಾತೂ ಆಡುತ್ತಿದ್ದರು. ಕಿವಿ ಮಂದವಾದವರು ತಮ್ಮ ಗುಟ್ಟನ್ನೂ ಜೋರಾಗಿಯೇ ಹೇಳುತ್ತಾರೆ. "ನಿನ್ನ ಕೀಳ್ತಾ ಇಲ್ಲ ಕಣವ್ವ. ನಿಂತು ನಿಂತು ಸುಸ್ತಾಗಿದ್ದೀಯ. ಒಸಿ ಮಲಿಕೊ. ನೀನೂ ಮನೇಲೇ ಇರ್ತೀಯ, ಮಗೀನೂ ಮನೇಲಿ ಇರ್ಲಿ." ಅಕ್ರಮ್ ಬಂದಾಗ ಅವನಿಗೆ ಹೇಳಿದ್ದು ಒಂದೇ ಮಾತು: "ಎಬ್ಬುಸಪ್ಪ. ಆದ್ರೆ ಸೀಳಬ್ಯಾಡ."

ಅಕ್ರಮ್ ಸೀಳಲಿಲ್ಲ. ಗಾರೆ ಬಿಡಿಸಿ ಹೊಸ್ತಿಲನ್ನು ಇಡಿಯಾಗಿ ಎತ್ತಿದ. ಎರಡು ನೆಲದ ತೊಲೆಗಳನ್ನೂ ಆ ಸಂದಿನಲ್ಲಿ ಒಂದಕ್ಕೊಂದು ಹಾಯಿಸಿ ಕೂಡಿಸಿದ. ತೊಲೆಗಳಿಗೆ ಕಚ್ಚು ತೋಡಿ, ಅದರೊಳಗೆ ಹೊಸ್ತಿಲನ್ನು ಮಗ್ಗುಲಾಗಿ ಮಲಗಿಸಿದ. ಮೇಲ್ಮೈ ನೆಲದ ಮಟ್ಟಕ್ಕೆ ಬಂತು. ಹಳೆಯ ಬೆಲ್ಲದ ಬಣ್ಣದ ಹಲಗೆ, ನಡುವೆ ಒಂದು ಹಳದಿ ಪಟ್ಟಿ, ಆಚೆಗೆ ಹೊಸ ಪೇಲವ ಹಲಗೆ. ಈಗಲೂ ಮುತ್ತಜ್ಜಿ ಅಲ್ಲಿಗೆ ಬಂದರೆ ಏನೂ ಇಲ್ಲದ ಜಾಗದಲ್ಲಿ ಕಾಲನ್ನು ಎತ್ತಿ ದಾಟುತ್ತಾರೆ.

ನಿಜ ಹೇಳುತ್ತೇನೆ: ಆ ದಿನಗಳಲ್ಲಿ ನನಗೆ ಎಲ್ಲವೂ ಶಕುನವಾಗಿ ಕಂಡಿತು. ಹೊಸ್ತಿಲು ಎಬ್ಬಿಸಿದ ಸಂಜೆ ಸುಚಿತ್ರಾ ಸೊಂಟ ಹಿಡಿದುಕೊಂಡಳು. ಗ್ಯಾಸ್ಟ್ರಿಕ್ ಇರಬೇಕು ಅಂದಳು. ನಾನು ಹಳದಿ ಪಟ್ಟಿಯನ್ನು ನೋಡಿದೆ. ಅವಳ ಪಾದ ಊದಿದ್ದನ್ನು ನೋಡಿದೆ, ಹಲ್ಲಿ ಲೊಚಗುಟ್ಟಿದ್ದನ್ನು ಕೇಳಿದೆ. ಮಾರುಕಟ್ಟೆಯಲ್ಲಿ ಒಂದು ಗೂಡು ಅಲ್ಲಾಡಿಸಿದಾಗ ಸದ್ದು ಬರಲಿಲ್ಲ. ಪಕ್ಕಕ್ಕಿಟ್ಟು ಇನ್ನೊಂದು ಎತ್ತಿಕೊಳ್ಳಲು ಕೈ ಬರಲಿಲ್ಲ. ನಂಬದವನ ಭಯಕ್ಕೆ ಹರಕೆ ಹೊರಲೂ ದೇವರಿಲ್ಲ. ಮುತ್ತಜ್ಜಿ ಮಾತ್ರ ನಿರುಮ್ಮಳವಾಗಿ ಗೊರಕೆ ಹೊಡೆದರು. ಅವರು ಕೇಳಬೇಕಾದವರನ್ನು ಕೇಳಿ ಆಗಿತ್ತು.

ಚಿಕ್ಕಲಕ್ಷ್ಮಮ್ಮ ಬಂದದ್ದು ಲೋಕೇಶನ ವಾರದ ರಜೆಯ ದಿನ, ಅವನ ಜೊತೆಗೇ. ಬಂದವರು ನೀರು ಕುಡಿಯುವ ಮೊದಲೇ ಒಳಬಾಗಿಲ ಅಡಿಯನ್ನು ನೋಡಿದರು. "ಅಯ್ಯೋ, ಏನ್ ಮಾಡ್ಬುಟ್ರಿ ಬೀಗ್ರೇ! ದಿನ ತುಂಬ್ತಿರೋ ಹೆಣ್ಣನ್ನ ಮನೇಲಿಟ್ಕೊಂಡು..."

"ಕಿತ್ತಿಲ್ಲ ಕಣವ್ವ, ಮಲಗ್ಸಿದ್ದೀವಿ" ಅಂದರು ಮುತ್ತಜ್ಜಿ. ಯಾಕೆ ಎಂದು ವಿವರಿಸಿದರು. ಚಿಕ್ಕಲಕ್ಷ್ಮಮ್ಮನಿಗೆ ನಂಬಿಕೆ ಬರಲಿಲ್ಲ. ಮದುವೆ ಮಾತಿಗೆ ಬಂದಾಗಲೆಲ್ಲ ಅವರು ಇದೇ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ನೆಲವನ್ನು ಮುಟ್ಟುವ ಪ್ರಸಂಗ ಬಂದಿರಲಿಲ್ಲ. "ಮರ ಕುಟ್ಟಿದ್ರೆ ಕಿವುಡ್ರಿಗೆ ಕೇಳ್ತದಾ? ನಂಗೇನ್ ಕತೆ ಹೇಳ್ತೀರಾ?"

"ನಾನ್ಯಾಕ್ ಹೇಳ್ಲಿ? ಕೈ ಐತಲ್ಲ, ನೀವೇ ಕುಟ್ಟಿ ನೋಡ್ರವ್ವ."

ಸುಚಿತ್ರಾ ಲೋಕೇಶ ಇಬ್ಬರೂ ಒಳಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ ನಿಂತು, ನಮ್ಮ ಕಡೆಗೆ ಬೆನ್ನು ಹಾಕಿ, ಕೈಯಲ್ಲಿ ಏನೋ ಹರಟುತ್ತಿದ್ದರು. ಚಿಕ್ಕಲಕ್ಷ್ಮಮ್ಮ ಕುರ್ಚಿಯಿಂದ ಇಳಿದು ನೆಲಕ್ಕೆ ಕೂತರು. ಪರರ ಮನೆಯ ಬಾಗಿಲು ತಟ್ಟುವವರ ಹಾಗೆ ಸಂಕೋಚದಿಂದ, ಎರಡು ಸಲ ತಟ್ಟಿದರು.

ಇಬ್ಬರೂ ತಿರುಗಿದರು. ಲೋಕೇಶ ಒಂದು ಕ್ಷಣ ಮೊದಲು.

ಮಗ ತಾಯಿಯನ್ನು ನೋಡಿ ಏನು ಎಂಬಂತೆ ಗದ್ದ ಎತ್ತಿದ. ಅವರು ಏನೂ ಇಲ್ಲ ಅಂತ ಕೈಯಾಡಿಸಿದರು. ಅವನು ಆ ಕಡೆ ತಿರುಗಿದ. ಅವರು ಮತ್ತೆ ತಟ್ಟಿದರು. ಅವನು ಮತ್ತೆ ತಿರುಗಿದ. ಈ ಸಲ ನಕ್ಕ. ಅವರು ನಗಲಿಲ್ಲ. ಅವನು ಬೆನ್ನು ಮಾಡುವವರೆಗೆ ಕಾದು ಇನ್ನೊಮ್ಮೆ ತಟ್ಟಿದರು, ಇನ್ನೊಮ್ಮೆ. ಗಡ್ಡ ಮೀಸೆ ಬಂದು ತಂದೆಯಾಗಲಿರುವ ಆ ಗಂಡಸು ಪ್ರತಿ ಸಲವೂ ತಿರುಗಿದ. ಹುಟ್ಟಿದಾಗಿನಿಂದ ಅವರು ಅವನನ್ನು ಮುಟ್ಟದೆ ಕರೆದಿರಲಿಲ್ಲ. ನಾನು ಎದ್ದು ಹೊರಗೆ ಬಂದು ಬೀದಿ ನೋಡುತ್ತ ನಿಂತೆ. ಒಳಗಿನಿಂದ ತಟ್ಟುವ ಸದ್ದು ಬರುತ್ತಲೇ ಇತ್ತು.

ಹೊರಡುವಾಗ ಅವರು ತೊಟ್ಟಿಲ ಮಾತೆತ್ತಲಿಲ್ಲ, ನಿನ್ನ ಮಾತೆತ್ತಲಿಲ್ಲ. ಸುಚಿತ್ರಾಳಿಗೆ ಕುಂಕುಮ ಇಟ್ಟು, ಹಳದಿ ಪಟ್ಟಿಯನ್ನು ತುಳಿಯದೆ ದಾಟಿ, ಬಸ್ಸಿಗೆ ಹೊರಟರು. ಒಂದು ವಾರ ಸುದ್ದಿ ಇಲ್ಲ. ನಾನು ಆ ವಾರದಲ್ಲಿ ಮನಸ್ಸಿನಲ್ಲೇ ಅವರ ಎಷ್ಟು ತೀರ್ಪುಗಳನ್ನು ಬರೆದು ಅಳಿಸಿದೆ ಎಂದರೆ ಹೇಳಿ ಪ್ರಯೋಜನವಿಲ್ಲ. ಮುಟ್ಟದೆ ಕರೆಯಬಹುದು, ಸರಿ. ಆದರೆ ಅಳುವ ಮಗು ನೆಲವನ್ನು ತಟ್ಟುತ್ತದೆಯೇ? ಅಷ್ಟು ಯೋಚಿಸದೆ ಇರುವವರಲ್ಲ ಅವರು. ತೊಟ್ಟಿಲನ್ನು ಸರಪಳಿಯಲ್ಲಿ ತೂಗು ಹಾಕಿದರೆ ನೆಲಕ್ಕೂ ನಿನಗೂ ಸಂಬಂಧವೇ ಇರುವುದಿಲ್ಲ. ಅವರ ಮನೆಯ ತೊಟ್ಟಿಲು ಅಂಥದ್ದೇ. ಲೋಕೇಶ ಮಲಗಿದ್ದು, ಅವನ ಅಪ್ಪ ಮಲಗಿದ್ದು ಅದರಲ್ಲೇ.

ನಿನ್ನೆ ಆ ತೊಟ್ಟಿಲು ಒಂದು ಗೂಡ್ಸ್ ಆಟೋದಲ್ಲಿ ನಮ್ಮ ಬಾಗಿಲಿಗೆ ಬಂತು. ಹಗ್ಗ ಬಿಚ್ಚಿ ಇಳಿಸಿದೆವು. ಗೂಬೆಯ ಕಣ್ಣಿನ ಹಾಗೆ ದುಂಡಗಿನ ಹಿತ್ತಾಳೆಯ ಮೊಳೆಗಳು, ಬದಿಯಲ್ಲಿ ಗಿಳಿಗಳು. ಸರಪಳಿ ಇರಲಿಲ್ಲ, ಕಳಚಿ ಅಲ್ಲೇ ಉಳಿಸಿಕೊಂಡಿದ್ದರು. ಆಟೋದವನ ಬಾಯಲ್ಲಿ ಹೇಳಿ ಕಳಿಸಿದ್ದು ಇಷ್ಟು: "ಇದಕ್ಕೆ ಕಾಲು ಮಾಡ್ಸಿ. ಗಟ್ಟಿಯಾಗಿರ್ಲಿ."

ಸುಚಿತ್ರಾ ಅದನ್ನು ಅವನ ತುಟಿಯಿಂದಲೇ ಓದಿದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು.

ಅಕ್ರಮ್ ಸಂಜೆಯೊಳಗೆ ನಾಲ್ಕು ಕಾಲು ಕಡೆದು ಕೂಡಿಸಿಬಿಟ್ಟ. ಹೊನ್ನೆಯಲ್ಲೇ, ನೆಲದ ಉಳಿದ ತುಂಡಿನಲ್ಲಿ. ಈ ಬೆಳಿಗ್ಗೆ ನಾವು ಪರೀಕ್ಷೆ ಮಾಡಿದೆವು. ನಿನ್ನ ಬದಲಿಗೆ ತೊಟ್ಟಿಲಲ್ಲಿ ಒಂದು ತೆಂಗಿನಕಾಯಿ ಇಟ್ಟರು ಮುತ್ತಜ್ಜಿ. ಅವರು ಯಾವುದನ್ನೂ ಮರೆಯುವುದಿಲ್ಲ. ಸುಚಿತ್ರಾ ಒಳಕೋಣೆಯ ನೆಲದ ಮೇಲೆ ಚಾಪೆ ಹಾಸಿ, ಎಡಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿದಳು. ನಾನು ತೊಟ್ಟಿಲ ಪಕ್ಕ ಕೂತು, ಮಗು ಕಾಲು ಬಡಿದರೆ ಎಷ್ಟು ಅಲುಗೀತೋ ಅಷ್ಟು, ಬೆರಳಿನಿಂದ ಅಲುಗಿಸಿದೆ. ಅವಳು ಕೈ ಎತ್ತಿದಳು. ಸ್ವಲ್ಪ ಬಿಟ್ಟು ಇನ್ನೂ ಮೆತ್ತಗೆ ಅಲುಗಿಸಿದೆ. ಎತ್ತಿದಳು. ಊಟದ ಮನೆಗೆ ತೊಟ್ಟಿಲನ್ನು ಒಯ್ದಿಟ್ಟು ಅಲ್ಲಿಂದ ಅಲುಗಿಸಿದೆ. ಎತ್ತಿದಳು. ವಾಪಸು ತಂದಿಟ್ಟು ಕೂತೆ.

ಆಗ, ನನ್ನ ಎರಡೂ ಕೈ ಮಡಿಲಲ್ಲಿದ್ದಾಗ, ಅವಳು ಕೈ ಎತ್ತಿದಳು.

ನಾನು ಮುಟ್ಟಿರಲಿಲ್ಲ. ರೈಲು ಹೋಗುವ ಹೊತ್ತಲ್ಲ. ಬೀದಿಯಲ್ಲಿ ಗಾಡಿ ಇರಲಿಲ್ಲ. ಮುತ್ತಜ್ಜಿ ಕೂತಲ್ಲೇ ಕೂತಿದ್ದರು. ಹಾಗಾದರೆ ಈ ನೆಲ ಸುಳ್ಳು ಹೇಳುತ್ತದೆ. ಯಾರೂ ಕರೆಯದೆಯೂ ಎಬ್ಬಿಸುತ್ತದೆ. ಹಾಗಿದ್ದರೆ ಕರೆದಾಗ ಎಬ್ಬಿಸದೆಯೂ ಇರಬಹುದು. ಇಷ್ಟನ್ನೂ ನಾನು ಅವಳು ಕಣ್ಣು ತೆರೆಯುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಅವಳು ನನ್ನ ಖಾಲಿ ಕೈಗಳನ್ನು ನೋಡಿದಳು. ಅಲುಗದ ತೊಟ್ಟಿಲನ್ನು ನೋಡಿದಳು. ಆಮೇಲೆ ತನ್ನ ಹೊಟ್ಟೆಯನ್ನು ನೋಡಿಕೊಂಡು, ಬಾಯಿ ತೆರೆದು, ಅವಳಿಗೇ ಕೇಳಿಸದ ಆ ದೊಡ್ಡ ನಗು ನಕ್ಕಳು.

ಅದು ನೀನು.

ಸದ್ಯಕ್ಕೆ ನೀನು ಒದ್ದದ್ದಕ್ಕೂ ನೆಲ ತಟ್ಟಿದ್ದಕ್ಕೂ ಅವಳಿಗೆ ವ್ಯತ್ಯಾಸ ತಿಳಿಯುತ್ತಿಲ್ಲ. ನಾನು ಇಷ್ಟು ದಿನ ಮರ ತರಿಸಿ, ಒಗ್ಗಿಸಿ, ಹೆಣೆದು, ಹೊಸ್ತಿಲು ಮಲಗಿಸಿ ನಿನಗೆ ಕಲಿಸಬೇಕು ಅಂದುಕೊಂಡದ್ದನ್ನು ನೀನು ಯಾವಾಗಿನಿಂದಲೋ ಮಾಡುತ್ತಿದ್ದೀಯ.

ನನ್ನ ಚಿಂತೆ ಮುಗಿಯಿತು ಎಂದು ತಿಳಿಯಬೇಡ. ನಿನಗೆ ಕಿವಿ ಕೇಳುತ್ತದೆಯೋ ಇಲ್ಲವೋ ಗೊತ್ತಿಲ್ಲ. ಯಾವುದು ಆಗಲಿ ಎಂದು ಆಸೆಪಡಬೇಕು ಎಂಬುದೂ ಗೊತ್ತಿಲ್ಲ. ಕೇಳಿಸಿದರೆ ಈ ಮನೆಯ ಗದ್ದಲವೆಲ್ಲ ನಿನ್ನ ಪಾಲಿಗೆ, ನಿನ್ನ ಜೊತೆಗೆ ಹಂಚಿಕೊಳ್ಳಲು ನಾನೊಬ್ಬ. ಕೇಳಿಸದಿದ್ದರೆ ಹೊರಗಿನ ಜಗತ್ತಿಗೆ ಯಾರೂ ಹಲಗೆ ಹಾಸಿಲ್ಲ. ಮಳೆಗಾಲ ಬಂದರೆ ಹೊಸ ಮರ ಉಬ್ಬೀತು. ನೀನು ಬೆಳೆದು ತೊಟ್ಟಿಲಿಂದ ಇಳಿದು ಅಂಗಳಕ್ಕೆ ಓಡಿದರೆ ಅಲ್ಲಿ ಮಣ್ಣು. ಅಲ್ಲಿಯವರೆಗೂ ನೆಲ ಮುಂದುವರಿಸಲು ಆಗುತ್ತದಾ ಎಂದು ಅಕ್ರಮನನ್ನು ಕೇಳಿದೆ. ಅವನು ನನ್ನ ಮುಖ ನೋಡಿ, "ಮೊದ್ಲು ಮಗ ಬರ್ಲಿ ಬುಡಿ ಸಾರ್" ಅಂದ.

ಬಾ. ಅವಸರವಿಲ್ಲ, ದಿನ ತುಂಬಿಸಿಕೊಂಡೇ ಬಾ. ಬಂದಮೇಲೆ ಹಸಿವಾದರೆ, ಹೆದರಿಕೆಯಾದರೆ, ಸುಮ್ಮನೆ ಯಾರಾದರೂ ಬೇಕು ಅನ್ನಿಸಿದರೆ, ಅಳು. ಮೂರು ಮನೆ ಆಚೆಗೆ ಕೇಳುವಷ್ಟು ಅಳು, ಅದು ನಮಗಾಗಿ. ಅವಳಿಗಾಗಿ ಕಾಲು ಬಡಿ. ನಿನ್ನ ಅಜ್ಜಿ ಮಮತಾಳ ಹಿಮ್ಮಡಿಯ ತಟ್ಟು ಖಾಲಿ ಬಿದ್ದಿದೆ. ಒಂದು ಸಲ ಊರಿ, ತಡೆದು, ಇನ್ನೊಂದು ಸಲ. ಬೇಕೆನಿಸಿದರೆ ಅದನ್ನು ನೀನು ಇಟ್ಟುಕೊಳ್ಳಬಹುದು.

ನೀನು ಕರೆದಾಗಲೆಲ್ಲ ಯಾರಾದರೂ ತಿರುಗಲಿ.

ನಿನ್ನ ದಾರಿ ಕಾಯುತ್ತಿರುವ ತಾತ,
ಯೋಗಾನಂದ